ಜೆ.ಸಿ. ರಸ್ತೆಯಲ್ಲಿ ಒಂದು ಬೆಳಗು

ಬೆಂಗಳೂರಿಗೆ ಬಂದ ನೆಂಟರಿಗೆ ನಾವು ಲಾಲ್‌ಬಾಗ್ ತೋರಿಸುತ್ತೇವೆ, ವಿಧಾನಸೌಧ ತೋರಿಸುತ್ತೇವೆ. ಜೆ.ಸಿ. ರಸ್ತೆಯನ್ನು ತೋರಿಸುವವರು ಯಾರೂ ಇಲ್ಲ. ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ನೋಡಲು ಬಂದವರೂ ಆಟೋ ಹಿಡಿದು ಹೊರಟುಬಿಡುತ್ತಾರೆ. ಮಹಾರಾಜ ಜಯಚಾಮರಾಜೇಂದ್ರರ ಹೆಸರು ಹೊತ್ತ ಈ ರಸ್ತೆ, ಸೀರೆಗೆ ಚಿಕ್ಕಪೇಟೆ ಇದ್ದಂತೆ, ಕಾರಿನ ಸಾಮಾನಿಗೆ. ಸೀಟಿನ ಕವರು, ಹಾರನ್ನು, ಕನ್ನಡಿ, ಬಣ್ಣಬಣ್ಣದ ದೀಪ, ಎಲ್ಲಾ ಅಂಗಡಿಯಿಂದ ಹೊರಕ್ಕೆ ಚೆಲ್ಲಿರುತ್ತವೆ. ಗಲಾಟೆಯೋ ಗಲಾಟೆ!

ನಾವು ಹೋದದ್ದು ಅತ್ತೆಯವರ ಉಬ್ಬಸದ ಸಲುವಾಗಿ. ಔಷಧಿಯನ್ನು ಹಬೆ ಮಾಡಿ ಕೊಡುವ ಅವರ ಪುಟ್ಟ ನೆಬ್ಯುಲೈಜರ್ ಮೊಬೈಲ್ ಚಾರ್ಜರಿನ ವೈರಿನಲ್ಲೇ ನಡೆಯುತ್ತದೆ. ದೀಪಾವಳಿಗೆ ಅವರನ್ನು ಸಾಗರಕ್ಕೆ ಕರೆದೊಯ್ಯಬೇಕು, ಏಳು ಗಂಟೆಯ ದಾರಿ. ನಮ್ಮದು 2011ರ ಕಾರು. ಸಿಗರೇಟು ಹಚ್ಚುವ ತೂತಿಗೆ ಸಿಕ್ಕಿಸಿದ ಚಾರ್ಜರ್ ಪ್ರತಿ ಹಳ್ಳಕ್ಕೂ ಸಡಿಲವಾಗುತ್ತದೆ. ಅದನ್ನು ನಂಬಿ ಹಿರಿಯರನ್ನು ಕೂರಿಸುವುದುಂಟೇ? ಡ್ಯಾಶ್‌ಬೋರ್ಡಿಗೇ ಯು.ಎಸ್.ಬಿ. ಪೋರ್ಟ್ ಕೂರಿಸೋಣ, ಜೊತೆಗೆ ಮಲೆನಾಡಿನ ಮಂಜಿಗೆ ಫಾಗ್ ಲ್ಯಾಂಪೂ ಇರಲಿ ಎಂದರು ನಮ್ಮ ಯಜಮಾನರು.

ಮೊದಲನೇ ಅಂಗಡಿಯ ಹುಡುಗ, "ಹತ್ತೇ ನಿಮಿಷ ಆಂಟೀ, ಸ್ಟೀರಿಯೋ ವೈರಿಗೇ ಜಾಯಿಂಟ್ ಹೊಡೀತೀನಿ" ಅಂದ. ಬೇಡಪ್ಪಾ ಎಂದು ಮುಂದೆ ನಡೆದೆವು.

ಎರಡನೆಯ ಕಡೆ ಸಿಕ್ಕಿದವರು ವಯಸ್ಸಾದ ಎಲೆಕ್ಟ್ರಿಷಿಯನ್. ಫುಟ್‌ಪಾತಿನ ಪಕ್ಕ ಕಾರು ನಿಲ್ಲಿಸಿಕೊಂಡು, ಸ್ಟೇರಿಂಗಿನ ಕೆಳಗೆ ಮಲಗಿಕೊಂಡೇ ಪಾಠ ಹೇಳಿದರು. ಬ್ಯಾಟರಿಯದು 12 ವೋಲ್ಟ್, ಎಂಜಿನ್ ಓಡುವಾಗ ಸುಮಾರು 14. ಮೊಬೈಲಿಗೆ ಬೇಕಾದ್ದು ಸಾಮಾನ್ಯವಾಗಿ 5. ಇಳಿಸಿ ಕೊಡುವ ಕೆಲಸ ಪೋರ್ಟಿನ ಒಳಗಿನ ಸರ್ಕ್ಯೂಟಿನದು, ಆದ್ದರಿಂದ ಅಗ್ಗದ್ದಕ್ಕೆ ಆಸೆಪಡಬಾರದು. ನಿಮ್ಮ ಯಂತ್ರದ ಮೇಲೆ ಎಷ್ಟು ಆಂಪಿಯರ್ ಎಂದು ಬರೆದಿದೆಯೋ ಓದಿಕೊಂಡೇ ಅಂಗಡಿಗೆ ಹೋಗಿ, ಸೋದರಿಯರೇ.

ಅವರು ಕಾರಿನ ಒಂದು ವೈರನ್ನೂ ಕತ್ತರಿಸಲಿಲ್ಲ. ಫ್ಯೂಸ್ ಪೆಟ್ಟಿಗೆಯಲ್ಲಿ ಒಂದು ಫ್ಯೂಸ್ ತೆಗೆದು, ಅದೇ ಜಾಗಕ್ಕೆ ಎರಡು ಫ್ಯೂಸ್ ಹಿಡಿಯುವ ಟ್ಯಾಪ್ ಸಿಕ್ಕಿಸಿದರು. ಒಂದು ಹಳೆಯದಕ್ಕೆ, ಒಂದು ಹೊಸ ಪೋರ್ಟಿಗೆ. ಅದೂ ಕೀ ತಿರುಗಿಸಿದರೆ ಮಾತ್ರ ಕರೆಂಟು ಬರುವ ಜಾಗ. ನಮ್ಮ ಪಕ್ಕದ ಮನೆಯವರು ನೇರ ಬ್ಯಾಟರಿಗೇ ಕೊಡಿಸಿ, ತಿಂಗಳು ಕಾಶಿಗೆ ಹೋಗಿ ಬಂದರೆ ಕಾರು ಮಿಸುಕಲಿಲ್ಲ. ಪೋರ್ಟಿನ ನೀಲಿ ದೀಪ ಹಗಲೂ ರಾತ್ರಿ ಉರಿದಿತ್ತು.

ಫಾಗ್ ಲ್ಯಾಂಪಿನ ಲೆಕ್ಕವೇ ಬೇರೆ. 55 ವಾಟಿನ ಎರಡು ದೀಪವೆಂದರೆ ಒಂಬತ್ತು ಆಂಪಿಯರ್. ಅಷ್ಟನ್ನು ಪುಟ್ಟ ಸ್ವಿಚ್ಚಿನ ಮೂಲಕ ಹರಿಸುವುದು ನೈಟ್ ಲ್ಯಾಂಪಿನ ವೈರಿಗೆ ಗ್ರೈಂಡರ್ ಸಿಕ್ಕಿಸಿದ ಹಾಗೆ. ನಡುವೆ ರಿಲೇ ಬೇಕು. ಸ್ವಿಚ್ಚು ರಿಲೇಗೆ ಸನ್ನೆ ಮಾಡುತ್ತದೆ ಅಷ್ಟೆ, ಭಾರದ ಕರೆಂಟು ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ನೇರ ದೀಪಕ್ಕೆ. ಆ ವೈರಿಗೆ ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸ್. "ಫ್ಯೂಸ್ ಪದೇಪದೇ ಹೋಗ್ತಿದ್ರೆ ದೊಡ್ಡದು ಹಾಕಿಸ್ಕೋಬೇಡಿ ತಾಯೀ. ಆಮೇಲೆ ಫ್ಯೂಸ್ ಬದಲು ವೈರೇ ಸುಡೋದು" ಎಂದರು. ನನಗೆ ಎದೆ ಝಲ್ಲೆಂದಿತು. ಹಿಂದಿನ ಸೀಟಿನಲ್ಲಿ ಕೂರುವವರು ಓಡಿ ಇಳಿಯಲಾರದವರು.

ಎರಡೂವರೆ ಗಂಟೆ ಹಿಡಿಯಿತು. ಕೂಲಿಯನ್ನು ಮೊದಲೇ ಮಾತಾಡಿಕೊಂಡದ್ದು ಒಳ್ಳೆಯದಾಯಿತು, ಆ ರಸ್ತೆಯಲ್ಲಿ ಚೌಕಾಸಿ ಇದ್ದದ್ದೇ. ಬ್ಯಾಗಿನಿಂದ ನೆಬ್ಯುಲೈಜರ್ ತೆಗೆದು ಅಲ್ಲೇ ಸಿಕ್ಕಿಸಿದೆ. ಬಿಳಿ ಹಬೆ ಬಂತು. ಕೀ ತೆಗೆದ ಕೂಡಲೇ ಪೋರ್ಟಿನ ದೀಪ ಆರಿತು.