ಸೋರೆಬಳ್ಳಿಯ ಚಪ್ಪರದ ಕೆಳಗೆ

ರೋಮ್ ನಗರದ ಹೊರಗೆ, ಆಪಿಯನ್ ರಸ್ತೆಯಲ್ಲಿ, ಆ ಮಧ್ಯಾಹ್ನ ಬಿಸಿಲು ರಣರಣ ಹೊಡೆಯುತ್ತಿತ್ತು. ಸಾನ್ ಕಲ್ಲಿಸ್ತೊ ಕ್ಯಾಟಕೋಂಬಿನ, ಅಂದರೆ ಹಳೆಯ ಕ್ರೈಸ್ತರ ನೆಲದಡಿಯ ಸ್ಮಶಾನದ, ಮೆಟ್ಟಿಲಿಳಿಯತೊಡಗಿದೆವು. ಹತ್ತು ಮೆಟ್ಟಿಲಿಗೆ ಬೆಳಕು ಹಿಂದುಳಿಯಿತು, ಇನ್ನು ಹತ್ತಕ್ಕೆ ತಂಗಿ ದುಪಟ್ಟಾವನ್ನು ಮೈತುಂಬ ಹೊದ್ದುಕೊಂಡಳು. ಬಾವಿಯೊಳಗೆ ಇಳಿದಂಥ ತಂಪು. ಇಬ್ಬರು ಜೊತೆಯಾಗಿ ನಡೆಯಲಾಗದ ಓಣಿ. ಎರಡೂ ಕಡೆ ಗೋಡೆಯಲ್ಲಿ ನೆಲದಿಂದ ಮೇಲಿನವರೆಗೂ ಅಡ್ಡಡ್ಡ ಗೂಡುಗಳು. ಮಂಡ್ಯ ಕಡೆಯ ರೇಷ್ಮೆ ಮನೆಗಳಲ್ಲಿ ಹುಳು ಮೇಯಿಸುವ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರಲ್ಲ, ಥೇಟ್ ಹಾಗೆ. ಒಂದೊಂದು ಗೂಡೂ ಒಬ್ಬೊಬ್ಬರ ಸಮಾಧಿ. ಈಗ ಎಲ್ಲವೂ ಬರಿದು. ಇಂಥ ಓಣಿಗಳು ನಾಲ್ಕು ಅಂತಸ್ತಿನಲ್ಲಿ ಸುಮಾರು 20 ಕಿಲೋಮೀಟರ್ ಹಬ್ಬಿವೆ ಎಂದು ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ.

ಕ್ರೈಸ್ತರು ರೋಮನ್ನರಿಗೆ ಹೆದರಿ ಇಲ್ಲಿ ಅಡಗಿ ಬದುಕುತ್ತಿದ್ದರು ಎಂದೇ ನಾನು ತಿಳಿದಿದ್ದೆ. ಹಾಗಲ್ಲ. ಊರೊಳಗೆ ಹೂಳುವುದಕ್ಕೆ ರೋಮನ್ ಕಾನೂನಿನಲ್ಲಿ ಅವಕಾಶವಿರಲಿಲ್ಲ, ಊರಾಚೆ ಭೂಮಿ ದುಬಾರಿ. ಆದರೆ ಇಲ್ಲಿಯ ನೆಲದಡಿ ಟಫ್ ಎಂಬ ಜ್ವಾಲಾಮುಖಿ ಕಲ್ಲಿದೆ. ಅಗೆಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಅಗೆಯುವುದೇ ಕಸುಬಾಗಿದ್ದವರು ಎಣ್ಣೆ ದೀಪದ ಬೆಳಕಿನಲ್ಲಿ ಗುದ್ದಲಿ ಹಾಕುತ್ತ, ಬುಟ್ಟಿಯಲ್ಲಿ ಮಣ್ಣು ಹೊರುತ್ತ, ತಲೆಮಾರುಗಟ್ಟಲೆ ಕೆಳಕ್ಕಿಳಿದರು. ಈ ಜಾಗದ ಉಸ್ತುವಾರಿ ನೋಡಿಕೊಂಡ ಕಲ್ಲಿಸ್ತೊ ಮೊದಲು ಗುಲಾಮನಾಗಿದ್ದವನು. ಆಮೇಲೆ, ಸುಮಾರು 217ರಲ್ಲಿ, ಅವನೇ ಪೋಪ್ ಆದ. ಗುಲಾಮನೊಬ್ಬ ಸತ್ತವರನ್ನು ಕಾಯುತ್ತ ಅಲ್ಲಿಗೇರಿದನೆಂಬುದನ್ನು ನೆನೆದರೆ ಈಗಲೂ ನನ್ನ ಮೈ ನವಿರೇಳುತ್ತದೆ.

ನಮ್ಮನ್ನು ಕರೆದೊಯ್ದ ಪಾದ್ರಿ ಒಂದು ಮಾತು ಬಿಡಿಸಿ ಹೇಳಿದರು. ಇಂಗ್ಲಿಷಿನವರು ಸೆಮೆಟರಿ ಅನ್ನುತ್ತಾರಲ್ಲ, ಅದರ ಗ್ರೀಕ್ ಮೂಲಕ್ಕೆ ಮಲಗುವ ಮನೆ ಎಂದರ್ಥ. ಸಮಾಧಿ ಮುಚ್ಚಿದ ಕಲ್ಲುಗಳ ಮೇಲೆ ಹೂಳಿದೆವು ಎಂಬ ಜಾಗದಲ್ಲಿ ಕೆತ್ತಿದ ಲ್ಯಾಟಿನ್ ಪದ 'ಡೆಪೊಸಿಟುಸ್'. ಬ್ಯಾಂಕಿನ ಡಿಪಾಸಿಟ್ಟಿಗೂ ಮೂಲ ಇದೇ. ಠೇವಣಿ! ಮಣ್ಣಿಗೆ ಕೊಟ್ಟದ್ದಲ್ಲ, ಇಟ್ಟದ್ದು. ಒಂದು ದಿನ ವಾಪಸು ಕೇಳುವುದಿದೆ. ದೇಹ ಜೈಲು, ಸತ್ತರೆ ಆತ್ಮಕ್ಕೆ ಬಿಡುಗಡೆ ಎಂದು ಗ್ರೀಕ್ ತತ್ವಜ್ಞಾನಿಗಳು ಹೇಳುತ್ತಿದ್ದ ಕಾಲದಲ್ಲಿ ಈ ಜನ ಇದೇ ದೇಹ ಮತ್ತೆ ಎದ್ದೇಳುತ್ತದೆ ಎಂದು ನಂಬಿದರು. ಸಂತ ಪೌಲ ಅದನ್ನು ಬಿತ್ತನೆಗೆ ಹೋಲಿಸಿದ್ದಾನೆ: ಬಿತ್ತುವುದು ಕಾಳು, ಏಳುವುದು ಪೈರು.

ಹಾಗಾದರೆ ಸುಟ್ಟರೆ? ಈ ಪ್ರಶ್ನೆ ಬಂದಾಗ ನಾನೂ ತಂಗಿಯೂ ಮುಖ ನೋಡಿಕೊಂಡೆವು. ಅಪ್ಪನ ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟು ಬಂದವರು ನಾವು. ಮಡಕೆ ಬಗ್ಗಿಸಿದಾಗ ಕಾವೇರಿ ಬೂದಿಯನ್ನು ಕ್ಷಣದಲ್ಲಿ ತೆಗೆದುಕೊಂಡುಬಿಟ್ಟಿದ್ದಳು. ಅದೇ ನಮಗೆ ಸಮಾಧಾನ. 177ರಲ್ಲಿ ಈಗಿನ ಫ್ರಾನ್ಸಿನ ಲಿಯಾನ್‌ನಲ್ಲಿ ನಡೆದದ್ದೂ ಅದೇ, ಆದರೆ ಶಿಕ್ಷೆಯಾಗಿ. ಕ್ರೈಸ್ತರನ್ನು ಕೊಂದವರು ಹೆಣಗಳನ್ನು ಆರು ದಿನ ಬಯಲಲ್ಲಿಟ್ಟು, ಸುಟ್ಟು, ಬೂದಿಯನ್ನು ರೋನ್ ನದಿಗೆ ಗುಡಿಸಿದರು. ಎದ್ದು ಬರುವ ಆಸೆಯೂ ಉಳಿಯಬಾರದೆಂದು. ಕ್ರೈಸ್ತರ ನಂಬಿಕೆ ಅದಕ್ಕೂ ಅಳಿಯಲಿಲ್ಲ. ಸುಟ್ಟರೂ ನಮಗೆ ನಷ್ಟವಿಲ್ಲ, ಹೂಳುವುದು ಹಿಂದಿನಿಂದ ಬಂದ ಒಳ್ಳೆಯ ಪದ್ಧತಿಯೆಂದು ಹೂಳುತ್ತೇವೆ ಎಂಬರ್ಥದ ಮಾತನ್ನು ಅವರಲ್ಲೊಬ್ಬನಾದ ಮಿನೂಸಿಯಸ್ ಫೆಲಿಕ್ಸ್ ಬರೆದಿಟ್ಟ. ಮಣ್ಣಿನ ಕಣಕಣವನ್ನೂ ಬಲ್ಲವನಿಗೆ ನದಿಯ ಲೆಕ್ಕ ತಪ್ಪೀತೇ ಎಂಬ ಆ ಧೈರ್ಯ ನನ್ನನ್ನು ಕಲಕಿಬಿಟ್ಟಿತು.

ಮುಂದಿನ ಪುಟ್ಟ ಕೋಣೆಗಳ ಚಿತ್ರಗಳು ಮೂರನೇ ಶತಮಾನದ ಆರಂಭದವು. ಸಾವಿನ ಮನೆಯೆಂದು ನರಕದ ಬೆಂಕಿ, ಪಾಪಪುಣ್ಯ ತೂಗುವ ತಕ್ಕಡಿ, ಕೊಂಬಿನ ಸೈತಾನ ಕಾಣಬಹುದೆಂದುಕೊಂಡರೆ ಒಂದೂ ಇಲ್ಲ. ಶಿಲುಬೆಗೇರಿದ ಏಸುವೂ ಇಲ್ಲ. ಏಳು ಜನ ಊಟಕ್ಕೆ ಕೂತಿದ್ದಾರೆ. ಮತ್ತೆ ಯೋನ, ಕಡಲ ಮೀನಿನ ಹೊಟ್ಟೆಯಲ್ಲಿ ಮೂರು ದಿನ ಇದ್ದು ಹೊರಬಂದವನು. ಏಸು ಮೂರನೇ ದಿನ ಎದ್ದದ್ದಕ್ಕೆ ಅವನೇ ಗುರುತು. ಈಗ ಕೈಯನ್ನು ತಲೆಗೆ ಒರಗಿಸಿ, ಬೆತ್ತಲೆ, ಬಳ್ಳಿಯ ಚಪ್ಪರದ ಕೆಳಗೆ ಹಾಯಾಗಿ ಮಲಗಿದ್ದಾನೆ. "ಅಣ್ಣ, ಸೋರೆಬಳ್ಳಿ ಕಣೋ!" ಎಂದಳು ತಂಗಿ. ಹಿತ್ತಲಲ್ಲಿ ಅಮ್ಮ ಹಬ್ಬಿಸುತ್ತಿದ್ದ ಬಳ್ಳಿ ಪಾತಾಳದಲ್ಲಿ ಸಿಕ್ಕಂತಾಯಿತು. ಸಂತ ಜೆರೋಮ್ ಬೈಬಲನ್ನು ಲ್ಯಾಟಿನ್ನಿಗೆ ತಂದಾಗ ಯೋನನಿಗೆ ನೆರಳು ಕೊಟ್ಟ ಈ ಸೋರೆಯನ್ನು ತೆಗೆದು ಬೇರೊಂದು ಬಳ್ಳಿಯ ಹೆಸರು ಹಾಕಿದ. ಯೋನನ ಕಥೆಯನ್ನು ಆ ಅನುವಾದದಲ್ಲಿ ಓದಿಸಿದ್ದಕ್ಕೆ ಉತ್ತರ ಆಫ್ರಿಕದ ಓಯಾ ಊರಿನ ಚರ್ಚಿನಲ್ಲಿ ಜನ ಗಲಾಟೆಯೆಬ್ಬಿಸಿದರೆಂದು ಸಂತ ಅಗಸ್ಟೀನ್ ಅವನಿಗೇ ಬರೆದು ತಿಳಿಸಿದ್ದಾನೆ. ನನಗಂತೂ ಆ ಜನರ ಸಿಟ್ಟು ಅರ್ಥವಾಗುತ್ತದೆ. ತಮ್ಮ ಸತ್ತವರನ್ನು ಆ ನೆರಳಿನಲ್ಲಿ ಮಲಗಿಸಿದ ಮೇಲೆ ಬಳ್ಳಿ ಬದಲಾದರೆ ಯಾರು ಸುಮ್ಮನಿರುತ್ತಾರೆ?

ಈ ಸಮಾಧಿಗಳ ಬಳಿ ಮನೆಯವರು ಬಂದು ಉಣ್ಣುತ್ತಿದ್ದರಂತೆ. ಆ ಊಟಕ್ಕೆ ಹೆಸರು 'ರೆಫ್ರಿಗೇರಿಯಂ', ಅಂದರೆ ತಂಪು ಮಾಡುವುದು. ಸತ್ತವರಿಗೆ ಕೋರುತ್ತಿದ್ದದ್ದೂ ಅದನ್ನೇ, ತಂಪಾಗಿರಲಿ ಎಂದು. ಹೊಟ್ಟೆ ತಣ್ಣಗಿರಲಿ ಎಂದು ಹರಸುವ ನಾಡಿನಿಂದ ಬಂದ ನನಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಸಂತರು ಸತ್ತ ದಿನವನ್ನು ಈ ಜನ ಹುಟ್ಟಿದ ದಿನ ಎಂದೇ ಕರೆಯುತ್ತಿದ್ದರು.

ಒಂಬತ್ತು ಪೋಪರನ್ನು ಹೂಳಿದ ಕೋಣೆಯನ್ನು 1854ರಲ್ಲಿ ಹುಡುಕಿ ತೆಗೆದವನು ಜೊವಾನ್ನಿ ಬಟ್ಟಿಸ್ತಾ ದೆ ರೊಸ್ಸಿ. ಮೇಲಿನ ದ್ರಾಕ್ಷಿ ತೋಟದಲ್ಲಿ 1849ರಲ್ಲಿ ಸಿಕ್ಕ ಒಂದು ಒಡಕು ಅಮೃತಶಿಲೆಯ ಜಾಡು ಹಿಡಿದು ಬಂದವನು. ಎಲ್ಲರೂ ಆ ಕೋಣೆಯಲ್ಲಿ ನಿಂತು ಕೇಳುತ್ತಿದ್ದರು. ತಂಗಿ ಮಾತ್ರ ಹೊರಗಿನ ಓಣಿಯಲ್ಲೇ ಉಳಿದಿದ್ದಳು.

ಅವಳ ಮುಂದೆ ಒಂದು ಪುಟ್ಟ ಗೂಡು. ಗೋಡೆಗೆ ತಾಗಿಸದೆ ತೋಳನ್ನು ಅದರ ನೇರಕ್ಕೆ ಹಿಡಿದು ಅಳೆಯುತ್ತಿದ್ದಳು: ಒಂದು ಮೊಳ, ಮೇಲೆ ನಾಲ್ಕು ಬೆರಳು. ಅಂಚಿಗೆ ಮೆತ್ತಿದ ಗಾರೆ ಒಂದಿಷ್ಟು ಉಳಿದಿತ್ತು, ಅದರಲ್ಲಿ ಕಪ್ಪೆಚಿಪ್ಪಿನ ಅಚ್ಚು. ಹೆಸರು ಕೆತ್ತಿಸಲಾಗದ ಬಡವರು ಗಾರೆ ಹಸಿಯಿರುವಾಗ ನಾಣ್ಯವನ್ನೋ ಚಿಪ್ಪನ್ನೋ ಬೊಂಬೆಯನ್ನೋ ಒತ್ತಿ ಹೋಗುತ್ತಿದ್ದರು, ಮತ್ತೆ ಬಂದಾಗ ಗುರುತು ಸಿಗಲೆಂದು. ಅದರ ಪಕ್ಕದಲ್ಲಿ, ಬೊಗಸೆಯಷ್ಟೇ ಇರುವ ಇನ್ನೊಂದು ಕುಳಿ, ದೀಪಕ್ಕೆ.

"ಕೂಸಿಗೆ ಕತ್ತಲೆ ಅಂದ್ರೆ ಭಯ ಇದ್ದಿರಬೇಕು ಅಣ್ಣ" ಎಂದಳು.