ಅಮ್ಮನ ವಾತ

ಮಹಡಿಯಲ್ಲಿರುವ ಬಟ್ಟೆ ಒಗೆಯುವ ಯಂತ್ರವನ್ನು ಮುಟ್ಟಿದರೆ ಕೈ ಜುಂ ಎನ್ನುತ್ತದೆಂದು ಅಮ್ಮ ಆರು ತಿಂಗಳಿಂದ ಹೇಳುತ್ತಿದ್ದಳು. ವಯಸ್ಸಾಯಿತು, ವಾತವಿರಬೇಕೆಂದು ನಾನು ಎಣ್ಣೆ ತಂದುಕೊಟ್ಟಿದ್ದೆ. ಹೆತ್ತವಳ ಮಾತನ್ನು ನಂಬದವನು ವೈರಿಂಗಿನ ಹುಡುಗನ ಮಾತನ್ನು ನಂಬಬೇಕಾಯಿತು!

ಗೀಸರಿಗೆಂದು ಮಹಡಿಯ ಬೋರ್ಡು ಬದಲಿಸಲು ಬಂದವನು ಹಳೆಯದನ್ನು ಬಿಚ್ಚಿ, "ಸಾರ್, ಕೆಳಗಿನಿಂದ ಅರ್ಥಿಂಗ್ ತಂತಿಯೇ ಬಂದಿಲ್ಲ. ನ್ಯೂಟ್ರಲ್ಲಿಗೇ ಗಂಟು ಹಾಕಿಬಿಟ್ಟಿದ್ದಾರೆ" ಎಂದ.

"ಇಷ್ಟು ವರ್ಷ ದೀಪ ಉರಿದಿದೆಯಲ್ಲಪ್ಪಾ?"

"ದೀಪಕ್ಕೆ ಅದು ಬೇಡ ಸಾರ್, ಮನುಷ್ಯರಿಗೆ ಬೇಕು."

ಕೆಲಸ ಮುಗಿಸಿದ ಕರೆಂಟು ನ್ಯೂಟ್ರಲ್ಲಿನಲ್ಲಿ ಹಿಂತಿರುಗುತ್ತದೆ. ಆ ತಂತಿ ಕಡಿದಿದ್ದರೆ 230 ವೋಲ್ಟೂ ಯಂತ್ರದ ಮೈಗೇ ಬರುತ್ತಿತ್ತು. ನಮ್ಮದು ಕರಕಲಾಗಿ ಸಡಿಲವಾಗಿತ್ತಷ್ಟೆ. ಕೇಳಿ ನನ್ನ ಕೈಯೂ ಜುಂ ಎಂದಿತು.

ಹುಡುಗ ಕೆಳಗಿನಿಂದ ಬೇರೆಯಾಗಿ ಹಸಿರು ತಂತಿ ಎಳೆದ. ಮಹಡಿಯಲ್ಲಿ ನ್ಯೂಟ್ರಲ್ಲಿಗೊಂದು ಪಟ್ಟಿ, ಅರ್ಥಿಂಗಿಗೊಂದು ಪಟ್ಟಿ. ಎರಡೂ ಅಲ್ಲಿ ಸೇರಕೂಡದು. 30 ಮಿಲಿ ಆಂಪಿಯರ್ ಸೋರಿದರೂ ಕರೆಂಟು ಕಡಿಯುವ ಸ್ವಿಚ್ಚು ಕೂರಿಸಿದ. ಹಿತ್ತಿಲ ಗುಂಡಿಗೆ ಇದ್ದಿಲು, ಉಪ್ಪು ಬಿತ್ತು. ಬೇಸಗೆಯಲ್ಲಿ ನೀರು ಹಾಕಲು ಹೇಳಿಹೋದ.

ಸಂಜೆ ಅಮ್ಮ ಅಳುಕುತ್ತಲೇ ಯಂತ್ರವನ್ನು ಮುಟ್ಟಿದಳು. "ವಾತ ಹೋಯಿತು ನೋಡೋ!" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಕೊಡ ತುಂಬಿಕೊಂಡು ಹಿತ್ತಿಲಿಗೆ ಹೋದೆ.