ಬೆಳಗ್ಗೆ ಐದಕ್ಕೆ ನಾನು ಏನು ಮಾಡ್ತೀನಿ

ಪೋಸ್ಟ್ ಸ್ವಲ್ಪ ಉದ್ದ ಇದೆ, ಬಿಡುವಿದ್ದಾಗ ಓದಿ.

ಮೊನ್ನೆ ಸಭೆ ಮುಗಿಸಿ ಟೀ ಕುಡೀತಿದ್ದಾಗ ಗೆಳೆಯನೊಬ್ಬ ಕೇಳಿದ: "ಬಾಬಾಸಾಹೇಬರನ್ನ ಓದಿದೋರು ನೀವು. ದಿನಾ ಪ್ರಾರ್ಥನೆ ಮಾಡ್ತೀರಂತೆ, ನಿಜಾನಾ?" ಕುಹಕ ಇರಲಿಲ್ಲ. ಆದರೂ ನಕ್ಕು ಮಾತು ಹಾರಿಸಿದೆ. ಆಮೇಲೆ ನಾಚಿಕೆ ಆಯ್ತು. ಹೌದು, ಮಾಡ್ತೀನಿ.

ನಾನು ಬೀದರ್ ಕಡೆಯವನು. ಮಾದಿಗರ ಕೇರಿ, ಮೆಥೋಡಿಸ್ಟ್ ಚರ್ಚು. ಅಜ್ಜಿಗೆ ಓದು ಬರ್ತಿರಲಿಲ್ಲ. ಕೋಳಿ ಕೂಗೋ ಮುಂಚೆ ಎದ್ದು, ಒಲೆ ಮುಂದೆ ಕೂತು ಹೆಸರುಗಳನ್ನ ಹೇಳ್ತಾ ಹೋಗೋಳು. ಮಕ್ಕಳು, ಮೊಮ್ಮಕ್ಕಳು, ಪಕ್ಕದ ಮನೆ ಬಾಣಂತಿ, ನಮ್ಮ ಎಮ್ಮೆ ಕೂಡ. ಕೊನೆಗೆ, ವರ್ಷಗಟ್ಟಲೆ ದುಡಿಸಿಕೊಂಡು ಕೂಲಿ ನುಂಗಿದ ಧಣಿಯ ಹೆಸರು. ಹೈಸ್ಕೂಲಲ್ಲಿದ್ದ ನನಗೆ ಮೈ ಉರಿಯೋದು. ಒಂದಿನ ಜಗಳಾನೇ ಆಡಿದೆ, "ಅವಂದ್ಯಾಕ ಹೇಳ್ತಿ?" ಅಂತ. "ದಿನಾ ಹೇಳಬೇಕಪ್ಪಾ, ಕಂಪ್ಲೇಂಟ್ ಇದ್ದಂಗ. ನಾ ಬಿಟ್ರ ದೇವ್ರೂ ಮರೀತಾನ" ಅಂದಳು.

ಚಳವಳಿಗೆ ಬಂದ ಮೇಲೆ ಹತ್ತು ವರ್ಷ ಪ್ರಾರ್ಥನೆ ಬಿಟ್ಟೆ. ಚರ್ಚಿನೊಳಗೇ ಜಾತಿ ಕಂಡಿದ್ದೆ. ಹೊರಗೆ ನೋಡಿದರೆ 1950ರ ಪರಿಶಿಷ್ಟ ಜಾತಿ ಆದೇಶ. ಅದರ ಬಾಗಿಲು ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ತೆರೆಯಿತು. ನಮಗೆ ಇವತ್ತಿಗೂ ಇಲ್ಲ, ಕರ್ನಾಟಕದಲ್ಲಿ ನಾವು ಪ್ರವರ್ಗ-1. ನಮಗೆ ಬೇರೆ ಲೋಟ ಇಡೋ ಹೋಟೆಲಿನವನು ದೀಕ್ಷಾಸ್ನಾನದ ಸರ್ಟಿಫಿಕೇಟ್ ಕೇಳ್ತಾನಾ? ಇರಲಿ, ಅದಕ್ಕೆ ಬೇರೆ ಪೋಸ್ಟೇ ಬರೀಬೇಕು.

ಮತ್ತೆ ಶುರುವಾಗಿದ್ದು ಶವಾಗಾರದ ಮುಂದೆ. ಮ್ಯಾನ್‌ಹೋಲ್‌ಗೆ ಇಳಿಸಿದ್ದ ಹುಡುಗ, ನಮ್ಮ ಜನಾನೇ. 2013ರ ಕಾಯ್ದೆ ಇದೆ. ಪರಿಹಾರವನ್ನ ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದೆ. ಇದನ್ನೆಲ್ಲ ಗಡಗಡ ಹೇಳಬಲ್ಲೆ. ಆದರೆ ಅವನ ತಾಯಿ ಕೈ ಹಿಡ್ಕೊಂಡು, "ಅಣ್ಣಾ, ಒಂದು ಪ್ರಾರ್ಥನೆ ಮಾಡು" ಅಂದಾಗ ನನ್ನ ಹತ್ರ ಮಾತಿರಲಿಲ್ಲ. ಅಜ್ಜಿ ಬಾಯಿಪಾಠ ಮಾಡಿಸಿದ್ದ ಕರ್ತನ ಪ್ರಾರ್ಥನೆ ಶುರು ಮಾಡಿದೆ. ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲಿಗೆ ಬಂದು ಗಂಟಲು ಕಟ್ಟಿತು. ಕಂಟ್ರಾಕ್ಟರು ಅಲ್ಲೇ ಗೇಟ್ ಹತ್ರ ಫೋನಲ್ಲಿ ಮಾತಾಡ್ತಿದ್ದ. ಮುಂದೆ ಹೇಳಲಿಕ್ಕೆ ಆಗಲಿಲ್ಲ. ಆ ತಾಯಿಯೇ ಮುಗಿಸಿದಳು.

ಮರುದಿನದಿಂದ ಬೆಳಗ್ಗೆ ಐದಕ್ಕೆ ಏಳ್ತಿದೀನಿ. ಫೋನು ಅಡುಗೆಮನೇಲಿ. ಒಂದು ಕೀರ್ತನೆ, ಹೆಸರುಗಳ ನೋಟ್‌ಬುಕ್ಕು, ಆಮೇಲೆ ಕರ್ತನ ಪ್ರಾರ್ಥನೆ. ದೊಡ್ಡ ಅನುಭವ ಏನೂ ಇಲ್ಲ. ಎಷ್ಟೋ ದಿನ ಕೂತಲ್ಲೇ ತೂಕಡಿಸಿದೀನಿ, ವಾರಗಟ್ಟಲೆ ತಪ್ಪಿಸಿದೀನಿ. ಆದರೆ ಮೊದಮೊದಲು ಬರೀ ಬೇಡಿಕೆ ಪಟ್ಟಿ ಓದ್ತಿದ್ದವನು ನಿಧಾನಕ್ಕೆ ದೇವರ ಜೊತೆ ಜಗಳಕ್ಕೆ ಬಂದೆ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗೋಳು, ದೂರು. ಭಾನುವಾರ ಇವುಗಳಲ್ಲಿ ಹೆಚ್ಚಿನವನ್ನ ನಮಗೆ ಯಾರೂ ಓದಿ ಹೇಳಿರಲಿಲ್ಲ! ಇನ್ನೊಂದು, ಕರ್ತನ ಪ್ರಾರ್ಥನೆಯಲ್ಲಿ 'ನನಗೆ' ಅನ್ನೋದೇ ಇಲ್ಲ, ಎಲ್ಲಾ 'ನಮಗೆ'. ರೊಟ್ಟಿ ಕೇಳೋದೂ ಎಲ್ಲರಿಗಾಗಿ. ನಮ್ಮ ಅರ್ಜಿಗಳ ಹಾಗೇ.

ಮನೆಯವಳು ಹೇಳೋ ಪ್ರಕಾರ ನನ್ನ ಕೂಗಾಟ ಕಡಿಮೆ ಆಗಿದೆ. ಪೂರ್ತಿ ನಂಬಬೇಡಿ.

ಎರಡು ವರ್ಷ ಆದ ಮೇಲೆ ಆ ಕಂಟ್ರಾಕ್ಟರ್ ಹೆಸರು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದೆ, ಅಜ್ಜಿ ಧಣಿ ಹೆಸರು ಹೇಳ್ತಿದ್ದ ಜಾಗದಲ್ಲಿ. ಕ್ಷಮಿಸಿದೀನಿ ಅಂತ ಸುಳ್ಳು ಹೇಳಲ್ಲ. ಕ್ಷಮಿಸೋದು ಅಂದ್ರೆ ಕೇಸು ಬಿಡೋದು ಅಂತ ನನಗೆ ಪಾಠ ಮಾಡಿದವರೂ ಇದ್ದಾರೆ. ಅವರ ಮಾತು ಕೇಳಿಲ್ಲ, ಕೇಳೋದೂ ಇಲ್ಲ. ಇವತ್ತು ಬೆಳಗ್ಗೇನೂ ಆ ಸಾಲು ಬಾಯಿಗೆ ಬರಲಿಲ್ಲ, ಹೆಸರು ಮಾತ್ರ ಹೇಳಿದೆ. ಹನ್ನೊಂದಕ್ಕೆ ಕೋರ್ಟಲ್ಲಿ ಅವನ ಕೇಸಿದೆ. ಆ ತಾಯಿ ಬಸ್‌ಸ್ಟಾಪಲ್ಲಿ ಕಾಯ್ತಿರ್ತಾಳೆ, ಹೊರಡ್ತೀನಿ.